ಯಾವ ಸ್ಟೇಷನ್ನಿಗೂ ಸೇರದ ಹಾಡು

"ಹಾಡು ಇಷ್ಟ ಆದ್ರೆ ಗುಂಡಿ ಬಲಕ್ಕೆ ತಿರುಗಿಸಿ, ಇಷ್ಟ ಇಲ್ಲಾಂದ್ರೆ ಎಡಕ್ಕೆ. ಕೇಳಿ ಕೇಳಿ ಸಾಕಾಗಿದ್ರೆ ಪೂರ್ತಿ ಎಡಕ್ಕೆ," ಎಂದು ಡೇನ್ ಪೆಟಿಗ್ರೂ ಮೈಕಿನಲ್ಲಿ ಹೇಳುತ್ತಿದ್ದ. "ಜಾಸ್ತಿ ಯೋಚನೆ ಮಾಡ್ಬೇಡಿ. ಪಕ್ಕದವರದ್ದನ್ನ ನೋಡಿ ತಿರುಗಿಸ್ಬೇಡಿ. ಇದೇನು ಪರೀಕ್ಷೆ ಅಲ್ಲ, ಇಲ್ಲಿ ಯಾರೂ ಫೇಲಾಗಲ್ಲ."

"ಫೇಲಾಗೋರು ಹಿಂದೆ ನಿಂತಿದೀವಲ್ಲ," ಎಂದು ಟಾನ್ಯಾ ಲಾಪ್ರೇರಿ ಮಾರ್ಲಿಸಳ ಕಿವಿಯ ಹತ್ತಿರ ಉಸುರಿದಳು.

ಮಾರ್ಲಿಸ್ ಕಿವಿಸ್ಟೊ ನಗಲಿಲ್ಲ. ಹೋಟೆಲಿನ ಆ ದೊಡ್ಡ ಹಾಲಿನ ಹಿಂಬದಿಯ ಮೂಲೆಯಲ್ಲಿ, ಮಡಚುವ ಪರದೆಯ ಮರೆಯಲ್ಲಿ ಅವರಿಬ್ಬರೂ ನಿಂತಿದ್ದರು. ಮುಂದೆ ಸಾಲುಸಾಲು ಕುರ್ಚಿಗಳಲ್ಲಿ ಊರಿನ ಹೆಂಗಸರು ಕೂತಿದ್ದರು. ಮಾರ್ಚ್ ತಿಂಗಳ ಶನಿವಾರದ ಬೆಳಗ್ಗೆ. ಕಿಟಕಿಯಾಚೆ ಸರೋವರ ಇನ್ನೂ ಹೆಪ್ಪುಗಟ್ಟಿಕೊಂಡೇ ಇತ್ತು. ದಪ್ಪ ಕೋಟುಗಳನ್ನು ಕುರ್ಚಿಯ ಬೆನ್ನಿಗೆ ಹಾಕಿ, ಕಾಲಿನ ಹತ್ತಿರ ಕರಗಿದ ಮಂಜಿನ ನೀರು ಮಾಡಿಕೊಂಡು, ತೊಡೆಯ ಮೇಲೆ ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಅವರು ಕೂತ ರೀತಿ ನೋಡಿದರೆ ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರ ಹಾಗೆ ಕಾಣುತ್ತಿತ್ತು. ಪೆಟ್ಟಿಗೆಯ ಮೇಲೊಂದು ಗುಂಡಿ. ಅವರು ಗುಂಡಿ ತಿರುಗಿಸಿದ ಹಾಗೆಲ್ಲ ಪರದೆಯ ಹಿಂದಿನ ಟೀವಿಯಲ್ಲಿ ಎರಡು ಗೆರೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ನಲವತ್ತು ದಾಟಿದವರದ್ದು ನೀಲಿ, ಅದಕ್ಕಿಂತ ಚಿಕ್ಕವರದ್ದು ಕೆಂಪು.

ನೀಲಿ ಗೆರೆ ಮಾರ್ಲಿಸಳದ್ದು. ಡುಲೂತ್ ಊರಿನಲ್ಲಿ ಹಾರ್ಬರ್ ರೇಡಿಯೋ ಎಂದರೆ ದಂತವೈದ್ಯರ ಕೋಣೆಯಲ್ಲಿ, ಬ್ಯಾಂಕಿನಲ್ಲಿ, ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಮೆಲ್ಲಗೆ ಹಾಡುವ ಸ್ಟೇಷನ್. ಅಲ್ಲಿ ಯಾವ ಹಾಡು ಬರಬೇಕು, ಯಾವುದು ಬರಬಾರದು ಎಂದು ತೀರ್ಮಾನಿಸುವವಳು ಅವಳು. ಐವತ್ತು ದಾಟಿದ, ಎತ್ತರದ, ಮಾತು ಕಮ್ಮಿಯ ಹೆಂಗಸು. ಯಾವುದಾದರೂ ಹಾಡಿನಲ್ಲಿ ಗಿಟಾರು ಸ್ವಲ್ಪ ಕಿರುಚಿದರೂ ಅವಳ ಹುಬ್ಬು ಮೇಲೇಳುತ್ತಿತ್ತು. ಹುಬ್ಬು ಎದ್ದರೆ ಆ ಹಾಡು ಸತ್ತಿತು ಎಂದೇ ಲೆಕ್ಕ.

ಕೆಂಪು ಗೆರೆ ಟಾನ್ಯಾಳದ್ದು. ಅವಳ ಸ್ಪಾರ್ಕ್ ರೇಡಿಯೋ ಅದೇ ಕಟ್ಟಡದಲ್ಲಿ, ಅದೇ ಕಾರಿಡಾರಿನ ಆಚೆ ಬದಿಗಿತ್ತು. ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವ ಹುಡುಗಿಯರ ಸ್ಟೇಷನ್ ಅದು. ಎರಡನ್ನೂ ಟೆಕ್ಸಸ್ಸಿನ ಒಂದೇ ಕಂಪನಿ ಕೊಂಡ ಮೇಲೆ ಇಬ್ಬರ ನಡುವೆ ಒಂದು ಗೋಡೆ, ಒಂದು ಕಾಫಿ ಪಾತ್ರೆ ಮತ್ತು ಮುಗಿಯದ ಒಂದು ಜಗಳ ಹಂಚಿಹೋಗಿದ್ದವು. ಹೊಸ ಹಾಡು ಮೊದಲು ಟಾನ್ಯಾಳ ಮನೆಯಲ್ಲಿ ಹುಟ್ಟಿ, ಅಲ್ಲಿ ಕುಣಿದು ಕುಪ್ಪಳಿಸಿ, ದಣಿದ ಮೇಲೆ ನಿವೃತ್ತಿಗೆಂದು ಮಾರ್ಲಿಸಳ ಮನೆಗೆ ಬರಬೇಕು ಎಂಬುದು ಒಪ್ಪಂದ. ಆದರೆ ಯಾವಾಗ ದಣಿಯಿತು ಎಂದು ಹೇಳುವವರು ಯಾರು?

"ಆ ಹಾಡು ಇನ್ನೂ ನಂದು ಅಜ್ಜಿ, ಕೈ ಹಾಕ್ಬೇಡ," ಎಂದು ಟಾನ್ಯಾ ಅವಳ ವಯಸ್ಸನ್ನು ಕೆಣಕಿ ಕಾರಿಡಾರಿನಲ್ಲೇ ಕೂಗುತ್ತಿದ್ದಳು.

"ನಿನ್ನ ಹತ್ರ ಅದಕ್ಕೆ ಉಸಿರು ಕಟ್ಟಿದೆ ಪುಟ್ಟಿ. ಕಳಿಸು ಈ ಕಡೆ, ಸ್ವಲ್ಪ ಮಲಗಿಕೊಳ್ಳಲಿ," ಎನ್ನುತ್ತಿದ್ದಳು ಮಾರ್ಲಿಸ್.

ಜಗಳಕ್ಕೆ ಅರ್ಥವಿತ್ತು. ಎರಡು ಸ್ಟೇಷನ್ನುಗಳೂ ಒಂದೇ ಥರ ಕೇಳಿಸತೊಡಗಿದರೆ ಎರಡು ಯಾಕೆ ಬೇಕು ಎಂದು ಟೆಕ್ಸಸ್ಸಿನವರು ಕೇಳುತ್ತಾರೆ. ಈಗಾಗಲೇ ಕೇಳಿದ್ದರು. ಅದಕ್ಕೇ ಕೇಳುಗರ ರುಚಿ ಅಳೆಯುವ ಈ ಡೇನನನ್ನು ಕಳಿಸಿದ್ದರು. ಈ ಹಾಲಿನಲ್ಲಿ ಗೆರೆಗಳೆರಡೂ ಬೇರೆ ಬೇರೆ ದಾರಿ ಹಿಡಿದರೆ ಸ್ಟೇಷನ್ನುಗಳು ಎರಡೂ ಉಳಿಯುತ್ತವೆ. ಇಲ್ಲದಿದ್ದರೆ ಒಂದರ ಜಾಗದಲ್ಲಿ ದಿನವಿಡೀ ಆಟೋಟದ ಹರಟೆ ಶುರುವಾಗುತ್ತದೆ, ಅರ್ಧ ಕಟ್ಟಡ ಖಾಲಿಯಾಗುತ್ತದೆ.

ಪರದೆಯ ಸಂದಿಯಿಂದ ಮಾರ್ಲಿಸ್ ಹಾಲಿನ ಕೊನೆಯ ಸಾಲನ್ನು ನೋಡಿದಳು. ನೋಡಿದವಳು ಹಲ್ಲು ಕಚ್ಚಿದಳು. ಅಲ್ಲಿ, ಹೆಂಗಸರ ನಡುವೆ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ವೆಂಡೆಲ್ ಬ್ರಾಕ್ ಕೂತಿದ್ದ. ಹಾರ್ಬರಿನಲ್ಲಿ ಸಂಜೆ ನಾಲ್ಕರ ಕಾರ್ಯಕ್ರಮ ಅವನದ್ದು. ಅವನ ಮುಖ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ದನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಸ್ಟೇಷನ್ನಿನವರು ಪರದೆ ದಾಟಿ ಹಾಲಿನೊಳಗೆ ಕಾಲಿಡಬಾರದು ಎಂದು ಡೇನ್ ಕಟ್ಟಪ್ಪಣೆ ಮಾಡಿದ್ದ. "ನನ್ನ ಹೊಟ್ಟೆಪಾಡು ತೀರ್ಮಾನ ಆಗೋದನ್ನ ನಾನೇ ನೋಡದೇ ಇದ್ರೆ ಹೆಂಗೆ ಮಾರ್ಲಿಸ್?" ಎಂದು ಗೋಗರೆದು ಅವನು ನುಸುಳಿದ್ದ. "ಬಾಯಿ ಬಿಟ್ಟೆಯೋ, ನಿನ್ನನ್ನ ಸರೋವರಕ್ಕೆ ದಬ್ತೀನಿ" ಎಂದು ಅವಳು ಹೇಳಿ ಕಳಿಸಿದ್ದಳು.

ಅವನ ಪಕ್ಕದಲ್ಲಿ ತುಂಬು ಮೈಯ ಹೆಂಗಸೊಬ್ಬಳು ಕೂತಿದ್ದಳು. ಎದೆಯ ಮೇಲಿನ ಚೀಟಿಯಲ್ಲಿ ಆರ್ಡಿಸ್ ಎಂದಿತ್ತು. ಅವಳು ವೆಂಡೆಲ್‌ನ ಕಡೆ ಬಾಗಿ, "ಹಾಲಿನ ಪುಡಿ ಈ ಕಡೆ ಕೊಡ್ತೀರೇನಪ್ಪ?" ಎಂದಳು. ಅವನು ಮಾತಾಡದೆ ಕೊಟ್ಟ. "ಚಳಿ ಇನ್ನೂ ಹೋಗೋ ಹಂಗೆ ಕಾಣಲ್ಲ ಅಲ್ವಾ?" ಅವನು ತಲೆಯಾಡಿಸಿದ. "ಗಂಡಸ್ರನ್ನೂ ಕರ್ದಿದಾರೆ ಅಂತ ಗೊತ್ತಿರಲಿಲ್ಲ." ಅವನು ಭುಜ ಕುಣಿಸಿದ. ಆರ್ಡಿಸ್ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಗಂಟಲು ಮುಟ್ಟಿ ತೋರಿಸಿ, "ಅಯ್ಯೋ ಪಾಪ, ಮಾತು ಬರಲ್ವಾ?" ಎಂದಳು. ಬೇರೆ ದಾರಿ ಕಾಣದೆ ವೆಂಡೆಲ್ ಹೌದೆಂದು ಗೋಣು ಹಾಕಿದ. ಅವಳು ಅವನ ಮೊಣಕೈ ತಟ್ಟಿ, ಅರ್ಧ ತಿಂದಿದ್ದ ತನ್ನ ಡೋನಟ್ಟಿನ ಉಳಿದರ್ಧವನ್ನು ಅವನ ಕೈಗೆ ಇಟ್ಟಳು.

"ನೋಡಲ್ಲಿ, ನಿನ್ನ ಸಿಂಹ," ಎಂದು ಟಾನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುಲು ನಕ್ಕಳು.

ಹಾಡುಗಳು ಶುರುವಾದವು. ಹಾಡು ಎಂದರೆ ಪೂರ್ತಿಯಲ್ಲ, ಒಂದೊಂದರಿಂದ ಕತ್ತರಿಸಿ ತೆಗೆದ ಚೂರು. ಜನರಿಗೆ ನೆನಪಿರುವ ಸಾಲು ಯಾವುದೋ ಅದಷ್ಟೇ, ಕೆಲವೇ ಸೆಕೆಂಡು. ಕೇಳುತ್ತಿದ್ದಂತೆ ತಟ್ಟನೆ ನಿಲ್ಲುತ್ತಿತ್ತು, ಮುಂದಿನದು ಬರುತ್ತಿತ್ತು. ಪ್ರೀತಿ ಹೇಳುವವನು ಹೆಸರು ಹೇಳುವ ಮೊದಲೇ ಮಾಯ. ಅಳುವವಳು ಉಸಿರೆಳೆದುಕೊಳ್ಳುವಾಗಲೇ ಕಡಿತ. ಹೆಂಗಸರು ಮುಖದಲ್ಲಿ ಏನನ್ನೂ ತೋರಿಸದೆ ಗುಂಡಿ ತಿರುಗಿಸುತ್ತಿದ್ದರು. ಟೀವಿಯಲ್ಲಿ ಎಲ್ಲವೂ ಹೇಗಿರಬೇಕೋ ಹಾಗೇ ನಡೆಯಿತು. ಪಿಯಾನೋದ ನಿಧಾನದ ಹಾಡು ಬಂದಾಗ ನೀಲಿ ಏರಿತು, ಕೆಂಪು ನೆಲ ಹಿಡಿಯಿತು. ಡ್ರಮ್ ಗುದ್ದುವ ಹಾಡು ಬಂದಾಗ ಕೆಂಪು ಜಿಗಿಯಿತು, ನೀಲಿ ಮುದುಡಿತು. ಮಾರ್ಲಿಸಳ ಭುಜ ಸಡಿಲಾಯಿತು. ತಾನು ಇಷ್ಟು ವರ್ಷ ಕಾದ ಬೇಲಿ ಗಟ್ಟಿಯಾಗಿಯೇ ಇದೆ. ಈ ಕಡೆಯ ಜನ ಬೇರೆ, ಆ ಕಡೆಯ ಜನ ಬೇರೆ.

"ಬದುಕ್ಕೊಂಡ್ವಿ ಅಜ್ಜಿ," ಎಂದಳು ಟಾನ್ಯಾ.

"ಹಂಗೇ ಕಾಣುತ್ತೆ."

ಆಗ ಸ್ಪೀಕರಿನಲ್ಲಿ ಬ್ಯಾಂಜೋ ತಂತಿಯೊಂದು ಮಿಡಿಯಿತು. ಮಾರ್ಲಿಸಳ ಬೆನ್ನು ನೆಟ್ಟಗಾಯಿತು.

"ಇದನ್ನ ಯಾರು ಹಾಕಿದ್ದು?"

"ನಾನೇ," ಎಂದಳು ಟಾನ್ಯಾ. "ನಮ್ಮಮ್ಮ ಪಾತ್ರೆ ತೊಳೆಯೋವಾಗೆಲ್ಲ ಇದನ್ನೇ ಗುನುಗ್ತಾಳೆ. ಯಾಕೆ ಹಾಕಲ್ಲ ಯಾಕೆ ಹಾಕಲ್ಲ ಅಂತ ತಲೆ ತಿಂತಾಳೆ. ಇಲ್ಲಿ ಇದು ಸತ್ತುಬಿದ್ರೆ ಅಮ್ಮನ ಬಾಯಿ ಮುಚ್ಚಿಸಬಹುದಲ್ಲ ಅಂತ."

ಉತ್ತರದ ಗಣಿ ಊರಿನ ಕಾರ್ಲೀನ್ ಓಯಾಲಾ ಎಂಬವಳು ಹಿಂದೆ ಯಾವಾಗಲೋ ಹಾಡಿ, ಆಮೇಲೆ ಸುದ್ದಿಯೇ ಇಲ್ಲದೆ ಹೋದ ಹಾಡು ಅದು. ಬ್ಯಾಂಜೋದಲ್ಲಿ ಶುರುವಾಗುತ್ತದೆ, ಹಳ್ಳಿಯ ಹಾಡು ಅಂದುಕೊಳ್ಳುವಷ್ಟರಲ್ಲಿ ನಡುವೆ ಗಿಟಾರು ಗುಡುಗುತ್ತದೆ, ಕೊನೆಗೆ ಚರ್ಚಿನ ಆರ್ಗನ್ ಬಂದು ಕೂರುತ್ತದೆ. ಹಳ್ಳಿ ಹಾಡಿನ ಸ್ಟೇಷನ್ನಿನವರು ಇದು ನಮ್ಮದಲ್ಲ ಎಂದಿದ್ದರು. ರಾಕ್ ಸ್ಟೇಷನ್ನಿನವರು ನಕ್ಕಿದ್ದರು. ಟಾನ್ಯಾಳಿಗೆ ತೀರಾ ಹಳತು, ಮಾರ್ಲಿಸಳಿಗೆ ತೀರಾ ಗದ್ದಲ. ವರ್ಷಕ್ಕೆ ಹತ್ತಾರು ಜನ ಫೋನ್ ಮಾಡಿ ಕೇಳುತ್ತಿದ್ದರು. ಅವಳು ಹುಬ್ಬೇರಿಸಿ, ನಯವಾಗಿಯೇ, ಬೇರೆ ಯಾರನ್ನಾದರೂ ಕೇಳಿ ನೋಡಿ ಎನ್ನುತ್ತಿದ್ದಳು. ದಿನದ ಪಾಳಿ ಮುಗಿಸಿ ಹಿಮದಲ್ಲಿ ಗಾಡಿ ಓಡಿಸಿಕೊಂಡು ಮನೆಗೆ ಹೋಗುವ ಹೆಂಗಸಿನ ಹಾಡು, ಅಷ್ಟೇ.

ಕತ್ತರಿಸಿದ ಚೂರು ಬಂತು:

*ಇನ್ನೊಂದೇ ಗುಡ್ಡ, ಇನ್ನೊಂದೇ ಗುಡ್ಡ, ಆಮೇಲೆ —*

ಹಾಡು ನಿಂತಿತು. ಅಷ್ಟು ಹೊತ್ತಿನಿಂದ ಎಲ್ಲ ಹಾಡುಗಳೂ ನಿಂತ ಹಾಗೆಯೇ ನಿಂತಿತು.

ಎರಡನೇ ಸಾಲಿನಲ್ಲಿ ಯಾರೋ ಒಬ್ಬಳು, ತನಗೇ ಗೊತ್ತಿಲ್ಲದ ಹಾಗೆ, ಉಳಿದದ್ದನ್ನು ಹಾಡಿಬಿಟ್ಟಳು. "...ನಮ್ಮನೆ ದೀಪ." ತೆಳು ದನಿ, ಶ್ರುತಿ ಸ್ವಲ್ಪ ಕೆಳಗಿತ್ತು. ಯಾರೋ ಕಿಸಕ್ಕೆಂದರು. ಆದರೆ ಮುಂದಿನ ಸಾಲಿಗೆ ಅವಳ ಜೊತೆ ಇನ್ನೊಂದು ದನಿ ಸೇರಿತ್ತು. ಅದರ ಮುಂದಿನದಕ್ಕೆ ಎಡಗಡೆಯ ಇಡೀ ಸಾಲು. ಮಾರ್ಲಿಸ್ ನೋಡನೋಡುತ್ತಿದ್ದಂತೆ ಹಾಡು ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಮುಂದೆ, ಖಾಲಿ ಗೋಡೆಯನ್ನು ನೋಡುತ್ತ, ಗಾಡಿಯ ಗಾಜಿನಾಚೆ ರಸ್ತೆ ನೋಡುವವರ ಹಾಗೆ ಕೂತು ಹಾಡುತ್ತಿದ್ದರು. ಅಜ್ಜಿಯಂದಿರು ಹಾಡುತ್ತಿದ್ದರು. ಮೂಗಿಗೆ ರಿಂಗು ಚುಚ್ಚಿಕೊಂಡ ಹುಡುಗಿ ಹಾಡುತ್ತಿದ್ದಳು. ಆ ಹಾಡು ಬಂದಾಗ ಅವಳಿನ್ನೂ ಹುಟ್ಟಿರಲಿಕ್ಕಿಲ್ಲ. ನಡುವಿನಲ್ಲಿ ಗಿಟಾರು ಗುಡುಗುವ ಕಡೆ ಬಂದಾಗ ಯಾರೋ ಬೂಟುಗಾಲಿನಿಂದ ನೆಲ ಬಡಿದರು, ಆಮೇಲೆ ಹಲವರು ಬಡಿದರು, ಹಾಲಿನ ಮರದ ನೆಲ ಡಂ ಡಂ ಎಂದಿತು. ಮೇಜಿನ ಮೇಲಿನ ಕಾಫಿ ಲೋಟಗಳು ಅದುರಿದವು.

"ದಯವಿಟ್ಟು..." ಎಂದು ಡೇನ್ ಮೈಕಿಗೆ ಬಾಯಿ ಕೊಟ್ಟ. "ದಯವಿಟ್ಟು ಹಾಡಬೇಡಿ, ಲೆಕ್ಕ ಕೆಡುತ್ತೆ..." ಮುಂದಿನ ಚೂರನ್ನು ಹಾಕುವ ಗುಂಡಿಯ ಮೇಲೆ ಅವನ ಬೆರಳಿತ್ತು. ಒತ್ತಿದ್ದರೆ ಎಲ್ಲ ನಿಂತುಹೋಗುತ್ತಿತ್ತು. ಅವನು ಒತ್ತಲಿಲ್ಲ.

ಕೊನೆಯ ಸಾಲಿನಿಂದ ಒಂದು ದೊಡ್ಡ ದನಿ ಎದ್ದಿತು. ಆಳದ, ಬೆಚ್ಚನೆಯ, ತುಸು ಒಡೆದ ಗಂಡಸಿನ ದನಿ. ವೆಂಡೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹಾಡುತ್ತಿದ್ದ. ಪಕ್ಕದ ಆರ್ಡಿಸ್‌ಳ ಬಾಯಿ ಹಾಡಿನ ನಡುವೆಯೇ ತೆರೆದಂತೆಯೇ ನಿಂತಿತು. ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು. ಮಾತು ಬಾರದವನಿಗೆ ಮಾತು ಬಂದದ್ದಕ್ಕಲ್ಲ. ಆ ದನಿ ಅವಳಿಗೆ ತನ್ನ ಮನೆಯ ನಲ್ಲಿಯ ಸದ್ದಿನಷ್ಟು ಗೊತ್ತಿತ್ತು.

"ನಾಲ್ಕು ಗಂಟೆಯೋನು!" ಎಂದು ಅವಳು ಕಿರುಚಿದಳು. "ಅಯ್ಯೋ ನನ್ನ ದೇವ್ರೇ, ಇವನು ನಾಲ್ಕು ಗಂಟೆಯೋನು ಕಣ್ರೇ! ನನ್ನ ಅಡುಗೆಮನೆಯೋನು!"

ಹಾಲಿನ ತುಂಬ ನಗು ಒಡೆಯಿತು. ಆದರೆ ಹಾಡು ನಿಲ್ಲಲಿಲ್ಲ; ನಗುತ್ತಲೇ ಅದನ್ನು ಕೊನೆಯವರೆಗೆ, ಆರ್ಗನ್ ಬರುವ ಜಾಗದವರೆಗೆ ತಂದು, ಅಲ್ಲಿ ಬರೀ ಬಾಯಿ ಮುಚ್ಚಿದ ಗುಂಯ್‌ಗುಡುವಿಕೆಯಲ್ಲಿ ಇಳಿಸಿದರು.

ಟಾನ್ಯಾ ಮಾರ್ಲಿಸಳ ತೋಳು ಹಿಡಿದು ಟೀವಿಯ ಕಡೆ ತಿರುಗಿಸಿದಳು. ಸ್ಪೀಕರಿನಿಂದ ಯಾವ ಹಾಡೂ ಬರುತ್ತಿರಲಿಲ್ಲ. ಆದರೂ ತೊಡೆಯ ಮೇಲಿನ ಪೆಟ್ಟಿಗೆಗಳ ಮೇಲೆ ಕೈಗಳು ಹಾಗೇ ಇದ್ದವು. ಗೆರೆಗಳು ಟೀವಿಯ ಮೇಲಂಚಿಗೆ ಹೋಗಿ ಅಂಟಿಕೊಂಡಿದ್ದವು. ಗೆರೆಗಳಲ್ಲ, ಗೆರೆ. ಕೆಂಪು ಎಲ್ಲಿ ಎಂದು ಮಾರ್ಲಿಸ್ ಬಗ್ಗಿ ಹುಡುಕಿದಳು. ಅದು ನೀಲಿಯ ಅಡಿಯಲ್ಲೇ ಇತ್ತು, ಕಾಣುತ್ತಿರಲಿಲ್ಲ. ಅವಳ ಮೈಮೇಲೆ ಮುಳ್ಳೆದ್ದವು. ಚರ್ಚಿನಲ್ಲೂ ಆಗದಿದ್ದದ್ದು, ಚಿಕ್ಕವಳಿದ್ದಾಗ ಅಪ್ಪನ ಜೊತೆ ಸರೋವರದ ಮೇಲೆ ಉತ್ತರ ಧ್ರುವದ ಹಸಿರು ಬೆಳಕು ಆಕಾಶದಲ್ಲಿ ಆಡುವುದನ್ನು ನೋಡಿದ ರಾತ್ರಿಯ ಮೇಲೆ ಮತ್ತೆ ಆಗದಿದ್ದದ್ದು ಈ ಹೋಟೆಲಿನ ಹಾಲಿನಲ್ಲಿ ಆಯಿತು. ಅಳು ಬರಲಿಲ್ಲ. ತಾನು ತೀರ ಸಣ್ಣವಳು ಎನಿಸಿತು, ಮತ್ತು ಹಾಗೆನಿಸಿದ್ದು ಹಿತವಾಗಿತ್ತು.

ಮುಂದಿನ ಹಾಡುಗಳ ಹೊತ್ತಿಗೆ ಕೂತವರೆಲ್ಲ ಬೇರೆಯೇ ಆಗಿಹೋಗಿದ್ದರು. ಹೆಂಗಸರು ಕುರ್ಚಿಯ ಮೇಲೆ ಅಡ್ಡ ತಿರುಗಿ ಕೂತರು, ಹಿಂದಿನವರಿಗೆ ಕಣ್ಣು ಹೊಡೆದರು. ಡ್ರಮ್ ಗುದ್ದುವ ಹಾಡಿಗೆ ಅಜ್ಜಿಯಂದಿರು ಗುಂಡಿಯನ್ನು ಬಲಕ್ಕೆ ತಿರುಗಿಸಿದರು. ಪಿಯಾನೋದ ಹಳೇ ಹಾಡಿಗೆ ಮೂಗಿನ ರಿಂಗಿನ ಹುಡುಗಿ ಕಣ್ಣು ಮುಚ್ಚಿದಳು. ಟೀವಿಯಲ್ಲಿ ಗೆರೆಗಳು ಆಗೊಮ್ಮೆ ಈಗೊಮ್ಮೆ ಬಿಟ್ಟಂತೆ ಮಾಡಿ ಮತ್ತೆ ಸೇರುತ್ತಿದ್ದವು, ಕೈ ಹಿಡಿದು ನಡೆಯುವ ಮಕ್ಕಳ ಹಾಗೆ.

ಬಿಡುವಿನಲ್ಲಿ ಮಾರ್ಲಿಸ್ ಪರದೆ ಸರಿಸಿ ಹೊರಬಂದಳು. ನಿಯಮ ಮುರಿಯುವುದರಲ್ಲಿ ಇನ್ನು ಉಳಿದದ್ದೇನೂ ಇರಲಿಲ್ಲ. ವೆಂಡೆಲ್‌ನ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ಆರ್ಡಿಸ್ ಅವನ ತೋಳು ಬಿಡದೆ, ತನ್ನ ಮನೆಯ ನೆಂಟನನ್ನು ತೋರಿಸುವವಳ ಹಾಗೆ ಎಲ್ಲರಿಗೂ ತೋರಿಸುತ್ತಿದ್ದಳು. "ನಮ್ಮ ಯಜಮಾನ್ರು ತೀರ್ಕೊಂಡ ವಾರ ಅಡುಗೆಮನೇಲಿ ಮಾತಾಡ್ತಿದ್ದೋನು ಇವನೊಬ್ಬನೇ ಕಣ್ರೀ," ಎಂದು ಹೇಳುತ್ತಿದ್ದಳು. ವೆಂಡೆಲ್‌ಗೆ ಈಗ ನಿಜವಾಗಿಯೂ ಮಾತು ಹೊರಡುತ್ತಿರಲಿಲ್ಲ.

ಮಾರ್ಲಿಸ್ ಕಾಫಿ ಮೇಜಿನ ಹತ್ತಿರ ನಿಂತಿದ್ದ ಮೂಗಿನ ರಿಂಗಿನ ಹುಡುಗಿಯನ್ನು ಕೇಳಿದಳು. "ಆ ಹಾಡು ನಿಂಗೆ ಹೆಂಗೆ ಗೊತ್ತು? ರೇಡಿಯೋದಲ್ಲಿ ಬರಲ್ವಲ್ಲ."

"ಬರಲ್ವಾ?" ಎಂದು ಹುಡುಗಿಗೆ ಆಶ್ಚರ್ಯ. "ನಮ್ಮ ಸ್ಕೂಲ್ ಬಸ್ಸಿನ ಡ್ರೈವರ್ ಹಾಡ್ತಿದ್ಲು. ಗುಡ್ಡ ಹತ್ತೋವಾಗೆಲ್ಲ. ನಾವೂ ಕಿರುಚ್ತಿದ್ವಿ, ಬಸ್ಸು ಹತ್ತಲ್ಲ ಅನ್ನೋ ಭಯಕ್ಕೆ."

"ನಮ್ಮಕ್ಕನ ಮದ್ವೇಲಿ," ಎಂದಳು ಇನ್ನೊಬ್ಬಳು. "ಕುಡ್ದು ಎಲ್ಲರೂ."

"ಇಲ್ಲಿ ನಿಮ್ಮ ಹಾರ್ಬರಲ್ಲೇ ಕೇಳಿದ್ದಲ್ವಾ ನಾನು?" ಎಂದರು ಬಿಳಿಗೂದಲ ಹೆಂಗಸೊಬ್ಬರು. "ದಿನಾ ಹಾಕ್ತೀರಲ್ಲ?"

"ಇಲ್ಲ. ಒಂದ್ಸಲಾನೂ ಹಾಕಿಲ್ಲ."

"ಸುಮ್ನಿರಮ್ಮ," ಎಂದು ಅವರು ಮಾರ್ಲಿಸಳ ಕೆನ್ನೆ ತಟ್ಟಿ ನಕ್ಕರು. "ನಾನು ಕಿವಿಯಾರೆ ಕೇಳಿದೀನಿ."

ಒಬ್ಬಳು ದಾದಿ, ತನಗೆ ಹಾಲೂಡಿಸುವಾಗ ತನ್ನ ತಾಯಿ ಹಾಡುತ್ತಿದ್ದಳಂತೆ ಎಂದಳು. ಇನ್ನೊಬ್ಬಳು ಕಾಗದ ಗಿರಣಿಯ ಪಾಳಿಯಲ್ಲಿ ಕಲಿತದ್ದು ಎಂದಳು. ಹಲವರು ಎಲ್ಲಿ ಎಂದು ಯೋಚಿಸಿ ಯೋಚಿಸಿ, ಗೊತ್ತಿಲ್ಲ, ಮೊದಲಿನಿಂದ ಗೊತ್ತಿತ್ತು ಎಂದರು. ಮಾರ್ಲಿಸ್ ಲೋಟದಲ್ಲಿ ಕಾಫಿ ಹಿಡಿದುಕೊಂಡು, ಕುಡಿಯುವುದನ್ನು ಮರೆತು ಕೇಳುತ್ತಲೇ ಹೋದಳು. ಅಷ್ಟು ವರ್ಷ ಒಂದು ಪ್ರಸಾರ ಗೋಪುರದ ಸಹಾಯವೂ ಇಲ್ಲದೆ, ಒಂದು ಸ್ಟೇಷನ್ನಿನ ಒಪ್ಪಿಗೆಯೂ ಇಲ್ಲದೆ, ಆ ಹಾಡು ಈ ಗುಡ್ಡಗಳ ಮೇಲೆ ಕೆಳಗೆ ತಾನೇ ನಡೆದಾಡಿಕೊಂಡಿತ್ತು. ಅವಳಿಗೆ ಗೊತ್ತೇ ಇರಲಿಲ್ಲ.

ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಡೇನ್ ಅವರಿಬ್ಬರನ್ನೂ ಹಾಲಿನ ಪಕ್ಕದ ಸಣ್ಣ ಕೋಣೆಗೆ ಕರೆದ. ಕಟ್ಟುನಿಟ್ಟಿನ ಮನುಷ್ಯನಾದರೂ ಕೆಟ್ಟವನಲ್ಲ. ಬೆವರು ಒರೆಸಿಕೊಂಡು, ಕಂಪ್ಯೂಟರಿನ ಮುಚ್ಚಳ ಅರ್ಧ ಮುಚ್ಚಿ, ಕೈಕಟ್ಟಿ ಕೂತ.

"ಇಂಥದ್ದು ನಂಗೆ ಯಾವ ಊರಲ್ಲೂ ಆಗಿಲ್ಲ," ಎಂದ. "ನೇರ ಹೇಳ್ತೀನಿ. ಆ ಹಾಡಿನ ತನಕ ನಿಮ್ಮ ಗೆರೆಗಳು ಬೇರೆ ಬೇರೆ. ಅದಾದ ಮೇಲೆ ಎರಡೂ ಒಂದೇ. ನಿಯಮದ ಪ್ರಕಾರ ಹಾಲಿನಲ್ಲಿ ಜನ ಒಬ್ಬರ ಮೇಲೊಬ್ಬರು ಪ್ರಭಾವ ಬೀರಿದ್ರೆ ಆ ಭಾಗ ಕೆಟ್ಟುಹೋಯ್ತು ಅಂತ ಬಿಸಾಕಬಹುದು. ಬಿಸಾಕಿದ್ರೆ ಕಂಪನಿಗೆ ಹೋಗೋದು ಮೊದಲರ್ಧ ಮಾತ್ರ. ಎರಡು ಸ್ಟೇಷನ್ನೂ ಉಳ್ಕೊಳ್ತವೆ. ಇಟ್ಕೊಂಡ್ರೆ..." ಅವನು ಕೈ ಬಿಚ್ಚಿ ತೋರಿಸಿದ. "ಎರಡರಲ್ಲಿ ಯಾವುದು ಮಾಡಿದ್ರೂ ತಪ್ಪಲ್ಲ. ನೀವಿಬ್ರೂ ಏನಂತೀರಿ?"

"ಬಿಸಾಕಿ," ಎಂದಳು ಟಾನ್ಯಾ ತಡಮಾಡದೆ. "ಇದೇನು ಕೇಳೋ ಮಾತಾ? ಹಾಡಿದ್ರು, ಕುಣಿದ್ರು, ಖುಷಿಯಾಯ್ತು, ನಂಗೂ ಕಣ್ಣಲ್ಲಿ ನೀರು ಬಂತು. ಸಾಕು. ಬಿಸಾಕಿ."

ಮಾರ್ಲಿಸ್ ಕಿಟಕಿಯ ಕಡೆ ನೋಡುತ್ತಿದ್ದಳು. ಕೆಳಗೆ ಕಾರುಗಳ ಹತ್ತಿರ ಕೆಲವು ಹೆಂಗಸರು ಇನ್ನೂ ಹೋಗದೆ ನಿಂತು ಮಾತಾಡುತ್ತಿದ್ದರು. ಅವರ ಬಾಯಿಂದ ಬಿಳಿ ಉಸಿರು ಏಳುತ್ತಿತ್ತು. ಬೆಳಗ್ಗೆ ಬರುವಾಗ ಅವರಲ್ಲಿ ಒಬ್ಬರಿಗೊಬ್ಬರ ಗುರುತಿರಲಿಲ್ಲ.

"ಡೇನ್," ಎಂದಳು. "ನೀನೂ ಅಲ್ಲೇ ಇದ್ಯಲ್ಲ. ನೀನೂ ಕೇಳಿದ್ಯಲ್ಲ."

"ಕೇಳಿದೆ."

"ಬೆರಳು ಗುಂಡಿ ಮೇಲಿತ್ತು. ಯಾಕೆ ಒತ್ತಲಿಲ್ಲ?"

ಡೇನ್ ತನ್ನ ಬೆರಳನ್ನೇ ಒಂದು ಸಲ ನೋಡಿಕೊಂಡ. "ಗೊತ್ತಿಲ್ಲ. ಮುಗೀಲಿ ಅನ್ನಿಸ್ತು."

"ಹಂಗಾದ್ರೆ ಕೇಳಲೇ ಇಲ್ಲ ಅಂತ ಹೆಂಗೆ ಬರೆಯೋದು?"

"ಅಜ್ಜಿ!" ಟಾನ್ಯಾ ಎದ್ದು ನಿಂತಳು. "ತಲೆ ಕೆಟ್ಟಿದ್ಯಾ ನಿಂಗೆ? ಕೇಳಿದೀವಿ ಅಂತ ಬರೆದ್ರೆ ಆಫೀಸಲ್ಲಿ ಅರ್ಧ ಜನ ಮನೆಗೆ ಹೋಗ್ತಾರೆ. ವೆಂಡೆಲ್ ಹೋಗ್ತಾನೆ. ನೀನೋ ನಾನೋ ಹೋಗ್ತೀವಿ. ಒಂದು ಹಾಡಿಗೆ!"

"ಒಂದು ಹಾಡಿಗಲ್ಲ. ಆಮೇಲಿಂದೂ ನೋಡಿದ್ಯಲ್ಲ. ಅವರು ಬದಲಾಗಲಿಲ್ಲ ಪುಟ್ಟಿ, ಅವರು ಇದ್ದದ್ದೇ ಹಂಗೆ. ನೀವು ಬೇರೆ ಅವರು ಬೇರೆ ಅಂತ ಇಷ್ಟು ವರ್ಷ ನಾವು ಹೇಳಿದ್ದಕ್ಕೆ ಬೆಳಗ್ಗೆ ನಾಚಿಕೊಂಡು ಕೂತಿದ್ರು."

"ಅದು ನಿಂಗೆ ಹೆಂಗೆ ಗೊತ್ತು?"

"ಗೊತ್ತಿಲ್ಲ," ಎಂದಳು ಮಾರ್ಲಿಸ್. "ಇಷ್ಟು ವರ್ಷ ಗೊತ್ತು ಅಂದ್ಕೊಂಡಿದ್ದೆ. ಈಗ ಗೊತ್ತಿಲ್ಲ." ಆಮೇಲೆ ಡೇನನ ಕಡೆ ತಿರುಗಿ, "ಪೂರ್ತಿ ಕಳಿಸು. ಕಳಿಸೋವಾಗ ಒಂದು ಮಾತು ಸೇರಿಸು. ಒಂದೇ ಸ್ಟೇಷನ್ ಮಾಡೋದಾದ್ರೆ ಅದನ್ನ ಈ ಹುಡುಗಿ ನಡೆಸಬೇಕು. ನನ್ನ ಹುಬ್ಬು ಅದಕ್ಕೆ ಲಾಯಕ್ಕಿಲ್ಲ. ವೆಂಡೆಲ್‌ನ ನಾಲ್ಕು ಗಂಟೆ ಅವನಿಗೇ ಇರಬೇಕು. ಆ ಹೆಂಗಸರು ಅವನನ್ನ ಹೆಂಗೆ ಹಚ್ಕೊಂಡ್ರು ಅಂತ ನೀನು ಕಣ್ಣಾರೆ ನೋಡಿದೀಯ, ಅದನ್ನೂ ಬರಿ."

ಟಾನ್ಯಾ ಕೋಟು ಎತ್ತಿಕೊಂಡು ಬಾಗಿಲು ಬಡಿದು ಹೊರಗೆ ಹೋದಳು. ಸೋಮವಾರ ಕಾಫಿ ಪಾತ್ರೆಯ ಹತ್ತಿರ ಅವಳು ಮಾರ್ಲಿಸಳನ್ನು ಕಂಡೂ ಕಾಣದವಳ ಹಾಗೆ ನಡೆದಳು. ಅದೂ ಅಲ್ಲದೆ ಎಷ್ಟೋ ದಿನ ಅವಳ ಬಾಯಿಂದ ಅಜ್ಜಿ ಎಂಬ ಮಾತೇ ಬರಲಿಲ್ಲ. ಮಿಸ್ ಕಿವಿಸ್ಟೊ, ಮಿಸ್ ಕಿವಿಸ್ಟೊ ಎಂದು ಚುಚ್ಚಿ ಚುಚ್ಚಿ ಕರೆದಳು.

ಟೆಕ್ಸಸ್ಸಿನವರು ಬೇಸಿಗೆಯಲ್ಲಿ ತೀರ್ಮಾನ ತಿಳಿಸಿದರು. ಎರಡು ಸ್ಟೇಷನ್ನುಗಳು ಒಂದಾದವು, ಖಾಲಿಯಾದ ತರಂಗಾಂತರದಲ್ಲಿ ಐಸ್ ಹಾಕಿ ಆಟದ ಮತ್ತು ಫುಟ್‌ಬಾಲಿನ ಹರಟೆ ಶುರುವಾಯಿತು. ಟಾನ್ಯಾಳಿಗೆ ಹೊಸ ಸ್ಟೇಷನ್ ಸಿಕ್ಕಿತು. ವೆಂಡೆಲ್ ಉಳಿದ, ಮಾರ್ಲಿಸ್ ಕೆಲಸ ಬಿಟ್ಟು ಮನೆಗೆ ಹೋದಳು. ಆದರೆ ಬೆಳಗಿನ ಕಾರ್ಯಕ್ರಮದ ಇಬ್ಬರು ಹುಡುಗರು ಹೋದರು, ಜಾಹೀರಾತು ವಿಭಾಗದಲ್ಲಿ ಹಲವರು ಹೋದರು, ಮುಂಬಾಗಿಲ ಮೇಜಿನಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದ ಕೊರಿನ್ ಹೋದಳು. ಒಂದು ದಿನ ದಿನಸಿ ಅಂಗಡಿಯಲ್ಲಿ ಮಾರ್ಲಿಸ್ ಕೊರಿನಳಿಗೆ ಎದುರಾದಳು. ಕೊರಿನ್ ಸೂಪಿನ ಡಬ್ಬಿಯೊಂದನ್ನು ಎತ್ತಿಕೊಂಡು, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಬಹಳ ಹೊತ್ತು ಓದಿದಳು. ಮಾರ್ಲಿಸ್ ಅಲ್ಲೇ ನಿಂತಿದ್ದಳು. ಆಮೇಲೆ ಗಾಡಿ ತಳ್ಳಿಕೊಂಡು ಹೋಗಿ, ಬೇಕಾದ ಅರ್ಧ ಸಾಮಾನು ಮರೆತು ಮನೆಗೆ ಬಂದಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಆ ವರ್ಷವಿಡೀ ಅವಳು ತನ್ನನ್ನು ಕೇಳಿಕೊಂಡಳು. ಉತ್ತರ ಒಂದೊಂದು ದಿನ ಒಂದೊಂದು ಥರ ಇರುತ್ತಿತ್ತು. ಕೇಳಿದ್ದನ್ನು ಕೇಳಲಿಲ್ಲ ಎನ್ನುವುದು ಮಾತ್ರ ಯಾವ ದಿನವೂ ಸಾಧ್ಯವೆನಿಸಲಿಲ್ಲ.

ಹೊಸ ಸ್ಟೇಷನ್ ಶುರುವಾದ ಮೊದಲ ವಾರಗಳಲ್ಲಿ ಅವಳು ಮನೆಯಲ್ಲಿ ಕೂತು ಕೇಳುತ್ತಿದ್ದಳು. ಒಂದು ಹೊಸ ಹಾಡಿನ ಬೆನ್ನಿಗೆ ಹಳೇ ಹಾಡೊಂದು ಬರುತ್ತಿತ್ತು, ಅದರ ಬೆನ್ನಿಗೆ ಯಾವ ಕಾಲದ್ದೋ ಯಾವ ಕಡೆಯದ್ದೋ ಹೇಳಲಾಗದ್ದು. ಅಭ್ಯಾಸಬಲದಿಂದ ಹುಬ್ಬು ಏಳುತ್ತಿತ್ತು. ಏಳುತ್ತಿದ್ದದ್ದು ಗೊತ್ತಾಗಿ ಅವಳೇ ಕೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು.

ಹಿಮ ಬೀಳಲು ಶುರುವಾದ ಹೊತ್ತಿಗೆ ಟಾನ್ಯಾಳ ಫೋನ್ ಬಂತು.

"ಮಿಸ್ ಕಿವಿಸ್ಟೊ."

"ಹೇಳಿ ಮೇಡಂ."

ಆ ಕಡೆ ತಡೆಯಲಾರದ ನಗು. "ಸಾಕು ಅಜ್ಜಿ, ನಂಗೆ ಮೇಡಂ ಅಂತೆಲ್ಲ ಅನ್ಬೇಡ, ಮೈ ಉರಿಯುತ್ತೆ. ಕೇಳು. ಹತ್ತು ಗಂಟೆ ಪಾಳಿಯ ಹುಡುಗ ಮಿನಿಯಾಪೋಲಿಸ್‌ಗೆ ಹಾರಿಹೋದ. ನೀನು ಚಿಕ್ಕೋಳಿದ್ದಾಗ ಮೈಕ್ ಮುಂದೆ ಕೂತಿದ್ದೆ ಅಂತ ವೆಂಡೆಲ್ ಹೇಳ್ತಿದ್ದ, ನಿಜಾನಾ?"

"ನೀನು ಹುಟ್ಟೋ ಮುಂಚೆ."

"ದನಿ ಇನ್ನೂ ಇದ್ಯಾ?"

"ಗೊತ್ತಿಲ್ಲ ಪುಟ್ಟಿ."

"ಬಾ, ನೋಡೋಣ. ಏನು ಹಾಕ್ಬೇಕು ಅಂತ ನಾನು ಹೇಳಲ್ಲ. ನೀನೂ ನಂಗೆ ಹೇಳ್ಬೇಡ. ಫೋನ್ ಮಾಡೋರು ಏನು ಕೇಳ್ತಾರೋ ಅದನ್ನ ಹಾಕು. ಅಷ್ಟೇ."

ಮಾರನೇ ಬೆಳಗ್ಗೆ ಮಾರ್ಲಿಸ್ ಸ್ಟುಡಿಯೋದ ಕುರ್ಚಿಯಲ್ಲಿ ಕೂತಳು. ಕುರ್ಚಿ ಎತ್ತರ ಜಾಸ್ತಿಯಾಯಿತೆಂದು ಇಳಿಸಿದಳು, ತಗ್ಗಾಯಿತೆಂದು ಮತ್ತೆ ಏರಿಸಿದಳು. ಕಿಟಕಿಯ ಗಾಜಿಗೆ ಹಿಮ ಹಗುರಾಗಿ ತಾಗಿ ಸರಿಯುತ್ತಿತ್ತು. ಫೋನಿನ ಸಾಲುದೀಪಗಳು ಒಂದೊಂದಾಗಿ ಮಿನುಗತೊಡಗಿದ್ದವು. ಯಾರೋ ಏನೋ ಕೇಳಲು ಕಾಯುತ್ತಿದ್ದರು. ಗಾಜಿನಾಚೆ ಟಾನ್ಯಾ ಹೆಬ್ಬೆರಳು ತೋರಿಸಿದಳು. ಮಾರ್ಲಿಸ್ ಮೈಕನ್ನು ಹತ್ತಿರ ಎಳೆದುಕೊಂಡು ಸ್ವಿಚ್ ಒತ್ತಿದಳು. ತಲೆಯ ಮೇಲಿನ ಕೆಂಪು ದೀಪ ಹತ್ತಿತು.

ಅವಳು ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ. ಎದುರಿನ, ದನಿ ಅಳೆಯುವ ಮೀಟರಿನಲ್ಲಿ ತಳಕ್ಕೆ ಮಲಗಿದ್ದ ಮುಳ್ಳು, ಅವಳ ಉಸಿರಿಗೇ, ಕೂದಲೆಳೆಯಷ್ಟು ಎದ್ದು ಮತ್ತೆ ಮಲಗಿತು.